ದೈಫಲ್ಲಾನ ತಿತ್ತಿಗೆ ಜಾಗ ಕೇಳಲು ಹೋದ ದಂಡು

ಐನ್ ಬಲ್ಲೂತ್ ಊರಿನ ಮೇಲುಕೇರಿಯಲ್ಲಿ ದೈಫಲ್ಲಾ ಎಂಬ ಮಹಾವೀರನಿದ್ದ. ಅವನು ಯಾವ ಯುದ್ಧವನ್ನೂ ಗೆದ್ದಿರಲಿಲ್ಲ. ನಿಜ ಹೇಳಬೇಕೆಂದರೆ ಯಾವ ಯುದ್ಧವನ್ನೂ ನೋಡಿರಲಿಲ್ಲ. ಜೋರ್ಡಾನಿನ ಸೈನ್ಯದ ವಾದ್ಯದಳದಲ್ಲಿ, ಕೊನೆಯ ಸಾಲಿನ ಎಡತುದಿಯಲ್ಲಿ ನಿಂತು ಬ್ಯಾಗ್‌ಪೈಪ್ ಊದುತ್ತಲೇ ಮೀಸೆ ನರೆಸಿಕೊಂಡು ನಿವೃತ್ತನಾದವನು. ಕಂಕುಳಲ್ಲಿ ಗಾಳಿ ತುಂಬಿದ ತಿತ್ತಿ, ಭುಜದ ಮೇಲೆ ಮೂರು ಕೊಳವೆ, ಬಾಯಲ್ಲೊಂದು, ಬೆರಳ ಕೆಳಗೊಂದು. ಇದನ್ನು ಹೊತ್ತವನು ದೂರದಿಂದ ನೋಡಿದರೆ ಮೇಕೆಯೊಡನೆ ಕುಸ್ತಿಗೆ ಇಳಿದವನಂತೆ ಕಾಣುತ್ತಾನೆ. ಹತ್ತಿರ ಹೋಗಿ ಕೇಳಿದರೆ ಮೇಕೆ ಸೋಲುತ್ತಿದೆ ಎಂದು ಗೊತ್ತಾಗುತ್ತದೆ.

ನಿವೃತ್ತನಾಗಿ ಮನೆಗೆ ಬಂದ ಮೊದಲ ವಾರ ಅವನು ಮಾಳಿಗೆ ಹತ್ತಿ, ನೀರಿನ ತೊಟ್ಟಿಯ ಪಕ್ಕ ಎದೆಯುಬ್ಬಿಸಿ ನಿಂತು, ಸೈನ್ಯದ ನಡಿಗೆಯ ರಾಗಗಳನ್ನು ಒಂದೊಂದಾಗಿ ಊದಿದ. ಕೇರಿ ತತ್ತರಿಸಿತು. ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಪಕ್ಕದ ಮನೆಯ ಕಾವಲುನಾಯಿ ಗಂಟುಮೂಟೆ ಕಟ್ಟದಿದ್ದರೂ ಅದೇ ಗಾಂಭೀರ್ಯದಿಂದ ಊರು ಬಿಟ್ಟಿತು. ಮೇವಿನ ವ್ಯಾಪಾರಿ ಹಾಜಿ ಮುಫ್ಲಿಹ್‌ಗೆ ಇಲ್ಲದ ಹಲ್ಲಿನಲ್ಲಿ ನೋವು ಕಾಣಿಸಿತು. ಕೊನೆಗೆ ಕೇರಿಯ ಹಿರಿಯರು ಬಂದು, ಮಗನನ್ನು ಪರದೇಶಕ್ಕೆ ಕಳಿಸುವವರ ಮೃದುವಾದ ದನಿಯಲ್ಲಿ, ಗುಡ್ಡದ ನೆತ್ತಿಯ ಮೇಲಿದ್ದ ಹಳೆಯ ಕಣವನ್ನು ತೋರಿಸಿದರು. ಹಿಂದೆ ಗೋಧಿ ಒಕ್ಕುತ್ತಿದ್ದ ಜಾಗ. ಈಗ ಒಕ್ಕುವವರಿಲ್ಲ, ಗೋಧಿಯೂ ಇಲ್ಲ. ಗಾಳಿ ಅತ್ತಕಡೆಗೇ ಬೀಸುತ್ತದೆ. ಅದೇ ಅದರ ದೊಡ್ಡ ಗುಣ.

ದೈಫಲ್ಲಾನಿಗೆ ಇದರಿಂದ ಬೇಸರವಾಗಲಿಲ್ಲ. ಕಣದಲ್ಲಿ ಅವನಿಗೆ ಒಂದು ವಿಸ್ಮಯ ಕಾದಿತ್ತು. ದಳದಲ್ಲಿ ಅಷ್ಟು ತಿತ್ತಿಗಳ ನಡುವೆ ಅವನು ತನ್ನ ತಿತ್ತಿಯನ್ನು ಒಂದು ದಿನವೂ ಕೇಳಿರಲಿಲ್ಲ. ತಾನು ಊದುತ್ತಿದ್ದೇನೆಂದು ಕೆನ್ನೆ ನೋವಿನಿಂದ ಮಾತ್ರ ತಿಳಿಯುತ್ತಿತ್ತು. ಗುಡ್ಡದ ಮೇಲೆ ಒಬ್ಬನೇ ನಿಂತು ಊದಿದ ದಿನ, ಎದುರಿನ ಓಕ್ ಮರಗಳ ಇಳಿಜಾರಿಗೆ ಬಡಿದು ತಿರುಗಿ ಬಂದ ನಾದ ಅವನದ್ದೇ ಆಗಿತ್ತು. ಅಂದಿನಿಂದ ದಿನವೂ ಇಳಿಹೊತ್ತಿನ ಪ್ರಾರ್ಥನೆ ಮುಗಿಸಿ ತಿತ್ತಿಯನ್ನು ಕೈಗೂಸಿನಂತೆ ಎತ್ತಿಕೊಂಡು ಗುಡ್ಡ ಹತ್ತುತ್ತಿದ್ದ. ಅಲ್ಲಿ ಅವನ ಶ್ರೋತೃವೃಂದ ಒಂದು ಕತ್ತೆ. ಅದನ್ನೂ ಕಟ್ಟಿಹಾಕಿರುತ್ತಿದ್ದರು.

ಹೀಗೆ ಲೋಕ ನೆಮ್ಮದಿಯಾಗಿರುವಾಗ ವಿಶ್ವವಿದ್ಯಾಲಯಕ್ಕೆ ಒಂದು ಅಭಿಪ್ರಾಯ ಹುಟ್ಟಿತು.

ಒಂದು ಎಂದರೆ ತಪ್ಪಾದೀತು. ಸುಸ್ಥಿರ ಸ್ಥಳೀಯ ಅಭಿವೃದ್ಧಿಯ ಯೋಜನಾ ನೀತಿಗಳ ಬಗ್ಗೆ ಅದಕ್ಕೆ ಒಂದು ಇಡೀ ವರದಿಯಷ್ಟು ಅಭಿಪ್ರಾಯಗಳಿದ್ದವು. ಅವನ್ನೆಲ್ಲ ಹೊತ್ತುಕೊಂಡು ಯೋಜನಾ ವಿಭಾಗದ ಮುಖ್ಯಸ್ಥ ಡಾಕ್ಟರ್ ನವ್ವಾಫ್ ಪುರಸಭೆಯ ಸಭಾಂಗಣಕ್ಕೆ ಬಂದ. ಪುರಸಭೆಗೆ ಸ್ವಂತ ಅಭಿಪ್ರಾಯ ಇಟ್ಟುಕೊಳ್ಳುವ ಚಟವಿರಲಿಲ್ಲ. ವಿಶ್ವವಿದ್ಯಾಲಯ ಹೇಳಿದ್ದನ್ನು ಹಾಗೇ ಮಾಡಿಬಿಡುವುದು ಅಲ್ಲಿನ ವಾಡಿಕೆ. ಹಾಗಾಗಿ ಊರಿಗೆ ಊರೇ ಸೇರಿತ್ತು. ಪರದೆಯ ಮೇಲೆ ನಾಳಿನ ಐನ್ ಬಲ್ಲೂತ್ ಮೂಡಿತು. ಎಲ್ಲೆಲ್ಲೂ ಹಸಿರು, ಎಲ್ಲರೂ ತೆಳ್ಳಗೆ, ಕೆಲವರು ಸೈಕಲ್ ಮೇಲೆ.

"ಈ ಏರಲ್ಲಿ ಸೈಕಲ್ ತುಳಿಯೋ ಗಂಡು ಯಾರಪ್ಪಾ?" ಎಂದ ಕ್ಷೌರಿಕ ಫಂದಿ, ಪಕ್ಕದವನ ಪಕ್ಕೆ ತಿವಿದು. "ಇಳಿಯೋದು ಸರಿ. ಹತ್ತೋದು ಆಂಬ್ಯುಲೆನ್ಸಲ್ಲಿ."

ಅಷ್ಟರಲ್ಲಿ ಪರದೆಯ ಮೇಲೆ ಕಣ ಬಂತು. ಸುತ್ತ ಕಲ್ಲುಬೆಂಚು, ನಡುವೆ ಲ್ಯಾವೆಂಡರ್ ಗಿಡ, ಕಣ್ಣು ಮುಚ್ಚಿ ಕೂತ ತೆಳ್ಳನೆಯ ಜನ. "ಇದು ನಿಶ್ಶಬ್ದವನ," ಎಂದ ಡಾಕ್ಟರ್ ನವ್ವಾಫ್. "ಇಲ್ಲಿ ಹಕ್ಕಿಯ ದನಿಗಿಂತ ಜೋರಾದ ಯಾವ ಸದ್ದಿಗೂ ಅವಕಾಶ ಇರಲ್ಲ. ಇದು ನಮ್ಮ ಅಭಿಪ್ರಾಯ ಮಾತ್ರ. ನಿಮ್ಮ ಮಾತೇನಾದ್ರೂ ಇದ್ರೆ ಹೇಳಿ."

ದೈಫಲ್ಲಾ ಎದ್ದು ನಿಂತ. ಜೀವಮಾನವಿಡೀ ಬಾಯಿಗೆ ಕೊಳವೆ ಸಿಕ್ಕಿಸಿಕೊಂಡಿದ್ದವನಿಗೆ ಬರಿಬಾಯಲ್ಲಿ ಮಾತಾಡುವುದು ಅಭ್ಯಾಸವಿರಲಿಲ್ಲ. "ಆ ಕಣ..." ಎಂದ. ಮುಂದಿನ ಮಾತಿಗಾಗಿ ಬೆರಳುಗಳು ಗಾಳಿಯಲ್ಲಿ ಕೊಳವೆಯ ತೂತು ಹುಡುಕಿದವು.

"ಹೌದು, ಎಷ್ಟು ಚೆನ್ನಾಗಿದೆ ಅಲ್ವಾ!" ಎಂದ ಡಾಕ್ಟರ್. ಸಭೆ ಚಪ್ಪಾಳೆ ತಟ್ಟಿತು. ದೈಫಲ್ಲಾ ಕೂತ. ಸುಸ್ಥಿರ ಅಭಿವೃದ್ಧಿಯಲ್ಲಿ ಜನರ ಪಾಲ್ಗೊಳ್ಳುವಿಕೆ ಹೀಗೆ ಸಾಂಗವಾಗಿ ನೆರವೇರಿತು.

ಮನೆಗೆ ಬಂದವನ ಮುಖ ನೋಡಿ ಹೆಂಡತಿ ವಸ್ಫಿಯಾ ಸೌಟು ಹಿಡಿದೇ, ಎಂದಿನಂತೆ ಹಿರಿಮಗನ ಹೆಸರಿನಿಂದ ಅವನನ್ನು ಕರೆದು ಕೇಳಿದಳು. "ಏನಾಯ್ತು ಹಾಯಲನಪ್ಪಾ? ಮುಖ ಒಡೆದ ಹಾಲಿನಂಗಾಗಿದೆ."

"ಕಣ ಹೋಯ್ತು, ವಸ್ಫಿಯಾ."

"ಎಲ್ಲಿಗೆ ಹೋಯ್ತು? ಅದೇನು ಮೇಕೆಯಾ, ಹಗ್ಗ ಬಿಚ್ಕೊಂಡು ಹೋಗಕ್ಕೆ?"

"ಯೂನಿವರ್ಸಿಟಿಯವರು ಅದನ್ನ ನಿಶ್ಶಬ್ದವನ ಮಾಡ್ತಾರಂತೆ. ಇನ್ಮೇಲೆ ಅಲ್ಲಿ ಸೀನಬೇಕಾದ್ರೂ ಹಕ್ಕಿಗಳ ಅಪ್ಪಣೆ ಬೇಕು."

"ಮತ್ತೆ ನಿಮ್ಮ ತಿತ್ತಿ?"

ದೈಫಲ್ಲಾ ಕಣ್ಣೆತ್ತಿ ಮಾಳಿಗೆಯ ಕಡೆ ನೋಡಿದ. ವಸ್ಫಿಯಾ ಸೌಟು ಕೆಳಗಿಟ್ಟಳು. "ಮಾಳಿಗೆ ಮೇಲೆ ನೀವು ಊದಿದ ದಿನ ಕೆಳಗೆ ನಾನಿರಲ್ಲ. ನಮ್ಮಣ್ಣನ ಮನೇಲಿರ್ತೀನಿ. ಆದ್ರೆ ಊದೋದು ಬಿಡಿ ಅಂತ ಹೇಳಲ್ಲ. ಬಿಟ್ರೆ ನೀವು ಇಡೀ ದಿನ ನನ್ನ ಹಿಂದೆ ಅಡುಗೆಮನೇಲಿ ಸುತ್ತುತ್ತೀರ, ಅದು ತಿತ್ತಿಗಿಂತ ಕಷ್ಟ. ಸುಮ್ನೆ ಕೂತಿರಿ. ರೊಟ್ಟಿ ತಗೊಂಡು ಬರ್ತೀನಿ."

ಅವಳು ರೊಟ್ಟಿಭಟ್ಟಿಯ ಮುಂದಿನ ಸಾಲಿನಲ್ಲಿ ನಿಂತು, ಯಾರಿಗೂ ಅಲ್ಲವೆಂಬಂತೆ, ಒಂದೇ ಮಾತು ಬಿಟ್ಟಳು. "ಪಾಪ, ನಮ್ಮನೆಯವರಿಗೆ ಕಣ ಹೋಯ್ತಲ್ಲ. ನಾಳೆಯಿಂದ ಮಾಳಿಗೆ ಮೇಲೇ ಅಂತೆ."

ಅವಳು ತಂದ ರೊಟ್ಟಿಯ ಬಿಸಿ ಆರುವ ಮೊದಲೇ ಕೇರಿಯ ಗಂಡಸರೆಲ್ಲ ದೈಫಲ್ಲಾನ ಮನೆಯಲ್ಲಿದ್ದರು. ಅವರ ಮುಂದೆ ಹಾಜಿ ಮುಫ್ಲಿಹ್.

ಹಾಜಿ ಮುಫ್ಲಿಹ್ ಯಾರೆಂದು ಹೇಳದಿದ್ದರೆ ಮುಂದಿನದು ಅರ್ಥವಾಗದು. ಹೆಣ್ಣು ಕೇಳುವುದಿರಲಿ, ಹೊಡೆದಾಟದ ರಾಜಿಯಿರಲಿ, ಹಿರಿಯರ ದಂಡು ಕಟ್ಟಿಕೊಂಡು ಎದುರು ಮನೆಗೆ ಹೋಗುವುದು ಅಲ್ಲಿನ ಪದ್ಧತಿ. ಅದಕ್ಕೆ ಜಾಹಾ ಎನ್ನುತ್ತಾರೆ. ಮನೆಯವರು ಏಲಕ್ಕಿ ಹಾಕಿದ ಕಹಿಕಾಫಿಯನ್ನು ಪುಟ್ಟ ಬಟ್ಟಲಲ್ಲಿ ಬಗ್ಗಿಸಿ ಕೊಡುತ್ತಾರೆ. ದಂಡಿನ ಯಜಮಾನ ಅದನ್ನು ತುಟಿಗೆ ಸೋಕಿಸದೆ ಮುಂದಿಟ್ಟುಬಿಡುತ್ತಾನೆ. "ಕಾಫಿ ಕುಡೀರಿ, ನೀವು ಬಂದ ಕೆಲಸ ಆಯ್ತು" ಎಂದು ಮನೆಯವರು ಹೇಳುವ ತನಕ ಯಾರೂ ಬಟ್ಟಲು ಮುಟ್ಟುವಂತಿಲ್ಲ. ಬಂದವರನ್ನು ಕಾಫಿ ಕುಡಿಸದೆ ಕಳಿಸಿದ ಮನೆಗೆ ಮೊಮ್ಮಕ್ಕಳ ಕಾಲಕ್ಕೂ ಕಳಂಕ ತಪ್ಪದು. ಕುಡಿದ ಮೇಲಂತೂ ಮುಗಿಯಿತು. ಆ ಮಾತನ್ನು ಎರಡು ಕಡೆಯವರೂ ಮತ್ತೆ ಎತ್ತುವಂತಿಲ್ಲ.

ಹಾಜಿ ಮುಫ್ಲಿಹ್ ಮುಂದಿಟ್ಟ ಬಟ್ಟಲು ಇದುವರೆಗೂ ಆರಿದ್ದಿಲ್ಲ. ಅವನ ಮಾತಿನಲ್ಲಿ ಕುಂಟ ಮದುಮಗ ಜಿಂಕೆಯಾಗುತ್ತಿದ್ದ, ಮೈಗಳ್ಳ ಸಿಂಹವಾಗುತ್ತಿದ್ದ. ಅವನು ಮದುವೆ ಮಾಡಿಸಿದ ಎಷ್ಟೋ ಹೆಂಗಸರು ಅವನ ಮಾತಿನ ಮದುಮಗನನ್ನು ಇಂದಿಗೂ ಮನೆಯಲ್ಲಿ ಹುಡುಕುತ್ತಿದ್ದಾರೆ.

"ದೈಫಲ್ಲಾ," ಎಂದ ಹಾಜಿ, ಎದೆಯ ಮೇಲೆ ಕೈಯಿಟ್ಟು. "ನಿನ್ನ ನೋವು ನಮ್ಮ ನೋವು."

"ನಮ್ಮದೇ ಜಾಸ್ತಿ," ಎಂದ ಫಂದಿ.

"ನೀನು ಬಾಯ್ಮುಚ್ಚು. ನೋಡಪ್ಪಾ, ಆ ಕಣ ನಿನ್ನದು. ಯೂನಿವರ್ಸಿಟಿಗೇ ಜಾಹಾ ಕಟ್ಕೊಂಡು ಹೋಗೋಣ."

"ಜಾಗ ಕೇಳಕ್ಕೆ ಜಾಹಾನಾ, ಹಾಜಿಯವರೇ?" ಎಂದ ದೈಫಲ್ಲಾ ಅಳುಕುತ್ತ. "ಅದು ಮದುವೆಗೆ, ಇಲ್ಲಾ ಕೊಲೆ ಕೇಸಿಗೆ ಅಲ್ವಾ?"

"ನೀನು ಊದೋದು ಎರಡನೇದಕ್ಕೆ ಸೇರುತ್ತೆ," ಎಂದ ಫಂದಿ. "ಯೋಚ್ನೆ ಮಾಡಬೇಡ, ಹೊರಡು."

ಅಲ್ಲಿ ವಾರದ ಮೊದಲ ಕೆಲಸದ ದಿನವಾದ ಭಾನುವಾರ ಬೆಳಿಗ್ಗೆ ಬಾಡಿಗೆ ಬಸ್ಸಿನಲ್ಲಿ ದಂಡು ಹೊರಟಿತು. ಅದರ ವೈಭವವನ್ನು ಏನೆಂದು ಬಣ್ಣಿಸುವುದು! ಜರಿಯಂಚಿನ ನಿಲುವಂಗಿಗಳು ಮೂಲೆಮೂಲೆಯಿಂದ ಹೊರಬಿದ್ದಿದ್ದವು. ಇಡೀ ಬಸ್ಸು ನುಸಿಗುಳಿಗೆಯ ಪರಿಮಳದಲ್ಲಿ ತೇಲುತ್ತಿತ್ತು. ಕೆಂಪು ಚೌಕುಳಿಯ ತಲೆವಸ್ತ್ರಗಳು ಗಂಜಿ ಹಾಕಿ ಕತ್ತಿಯಂತೆ ನಿಂತಿದ್ದವು. ಮೀಸೆಗಳಿಗೆಲ್ಲ ಫಂದಿ ಉಚಿತವಾಗಿ ಕತ್ತರಿಯಾಡಿಸಿದ್ದ. ಮದುಮಗನ ಜಾಗದಲ್ಲಿ ದೈಫಲ್ಲಾ. ಅವನ ತೊಡೆಯ ಮೇಲೆ ತಿತ್ತಿ. ಅದಕ್ಕೂ ವಸ್ಫಿಯಾ ಹೊಸ ಹಸಿರು ಮಖಮಲ್ಲಿನ ಅಂಗಿ ಹೊಲಿದಿದ್ದಳು.

ವಿಶ್ವವಿದ್ಯಾಲಯದ ಬಾಗಿಲಲ್ಲಿ ಕಾವಲುಗಾರ ತಡೆದ. "ಚಿಕ್ಕಪ್ಪಂದಿರೇ, ಮದುವೆ ಛತ್ರ ಮುಂದಿನ ತಿರುವಲ್ಲಿ."

"ನಮಗೆ ಬೇಕಾದ ಹೆಣ್ಣು ಇಲ್ಲೇ ಇದೆ," ಎಂದು ಹಾಜಿ ಒಳನುಗ್ಗಿದ.

ಡಾಕ್ಟರ್ ನವ್ವಾಫ್ ತನ್ನ ಕೋಣೆಯಿಂದ ಹೊರಗೆ ಬಂದವನು ಮೊಗಸಾಲೆ ತುಂಬ ನಿಲುವಂಗಿಗಳನ್ನು ಕಂಡು ಬೆಚ್ಚಿದ. ಅವನು ಯೋಜನಾಶಾಸ್ತ್ರವನ್ನು ವಿದೇಶದಲ್ಲಿ ಓದಿದ್ದರೂ ಹುಟ್ಟಿದ್ದು ಇಲ್ಲಿಯೇ. ಅವನ ಅಜ್ಜನ ಮನೆಯಲ್ಲಿ ವಾರಕ್ಕೊಂದು ಜಾಹಾ ಇಳಿಯುತ್ತಿತ್ತು. ಈ ಮುಖಗಳ ಗಾಂಭೀರ್ಯವನ್ನೂ ಮದುಮಗನ ಕೈಯಲ್ಲಿದ್ದ ತಿತ್ತಿಯನ್ನೂ ನೋಡಿ ಅವನಿಗೆ ಅರ್ಧ ತಿಳಿಯಿತು. ಕಾಫಿ ಕೊಟ್ಟರೆ ತಾನು ಸಿಕ್ಕಿಬಿದ್ದೆ ಎಂಬ ಇನ್ನರ್ಧ ಕೂಡಲೇ ಹೊಳೆಯಿತು.

"ಬನ್ನಿ ಬನ್ನಿ, ಹೆಜ್ಜೆಗೊಂದು ಸ್ವಾಗತ!" ಎನ್ನುತ್ತ ಅವರನ್ನು ಸಭೆಯ ಕೋಣೆಯಲ್ಲಿ ಕೂರಿಸಿ, "ಕಾಫಿ ಯಂತ್ರ ಕೆಟ್ಟಿದೆ, ಕ್ಷಮಿಸಬೇಕು. ನೀರು ತಗೊಳ್ಳಿ" ಎಂದ.

ನೀರು ಬಂತು. ದಂಡು ನೀರು ಕುಡಿದು ಕಾದು ಕೂತಿತು.

"ಹಣ್ಣಿನ ರಸ?"

ರಸ ಬಂತು, ಹೋಯಿತು. ಚಹಾ ಬಂತು. ಚಹಾ ಲೆಕ್ಕಕ್ಕೆ ಬರುತ್ತದೆಯೇ ಎಂದು ಹಿಂದಿನ ಸಾಲಿನಲ್ಲಿ ಪಿಸುಪಿಸು ಚರ್ಚೆ ನಡೆದು, ಬರುವುದಿಲ್ಲವೆಂದು ತೀರ್ಮಾನವಾಗಿ, ಅದನ್ನೂ ಕುಡಿದರು. ಬಿಸ್ಕತ್ತು ತಿಂದರು. ವಿಭಾಗದ ಯಾವುದೋ ಸಂಶೋಧನೆಯಿಂದ ಹುಟ್ಟಿದ, ಖರ್ಜೂರದ ಬೀಜ ಅರೆದು ಮಾಡಿದ ಗಟ್ಟಿ ಪದಾರ್ಥವೊಂದನ್ನು ಕೊಟ್ಟರು. ಹಲ್ಲಿದ್ದವರು ಅದನ್ನೂ ಮುಗಿಸಿದರು. ಒಬ್ಬನೂ ಕದಲಲಿಲ್ಲ, ಬಂದ ಕಾರಣವನ್ನೂ ಹೇಳಲಿಲ್ಲ. ಡಾಕ್ಟರ್ ಹವಾಮಾನದ ಬಗ್ಗೆ ಮಾತಾಡಿದ. ಹಾಜಿ ಹವಾಮಾನವನ್ನು ಕೊಟ್ಟ ದೇವರನ್ನು ಹೊಗಳಿ ಸುಮ್ಮನಾದ. ಅತಿಥಿಯನ್ನು ಎದ್ದು ಹೋಗಿ ಎನ್ನಲು ಡಾಕ್ಟರನಿಗೆ ನಾಲಿಗೆ ಏಳದು. ಕಾಫಿ ತನ್ನಿ ಎನ್ನಲೂ ಏಳದು. ಗೋಡೆಯ ಮೇಲಿನ ನಕ್ಷೆಗಳೆಲ್ಲ ಇವನ ಪೇಚಾಟವನ್ನು ನೋಡುತ್ತಿದ್ದವು.

ಆಗ ಬಾಗಿಲು ತೆರೆಯಿತು. ವಿಭಾಗದ ಹಳೆಯ ಪರಿಚಾರಕ ಅಬು ಜರೀಸ್ ಕೊಕ್ಕಿನ ಹಿತ್ತಾಳೆ ಹೂಜಿಯೊಂದನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದ. ತನಗಾಗಿ ಮೂಲೆಯ ಒಲೆಯಲ್ಲಿ ಕಾಸಿಕೊಳ್ಳುತ್ತಿದ್ದ ಕಾಫಿ ಅದು. ಏಲಕ್ಕಿಯ ಘಮ ಕೋಣೆ ತುಂಬಿತು.

"ಇಷ್ಟು ಜನ ದೊಡ್ಡೋರು ಬಂದು ಬರೀ ಬಿಸ್ಕತ್ತು ತಿನ್ಕೊಂಡು ಕೂತಿದಾರೆ, ಡಾಕ್ಟರೇ," ಎಂದ ಅವನು ಕಣ್ಣಲ್ಲಿ ನೀರು ತಂದುಕೊಂಡು. "ನಾನು ಸತ್ತಿದೀನಾ?"

ಡಾಕ್ಟರ್ ಕಣ್ಸನ್ನೆ ಮಾಡುವ ಮೊದಲೇ ಮೊದಲ ಬಟ್ಟಲು ಹಾಜಿಯ ಕೈ ಸೇರಿತು. ಹಾಜಿ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ, ಮೆಲ್ಲಗೆ ಇಳಿಸಿ, ಮೇಜಿನ ಮೇಲಿದ್ದ ವಿಶ್ವವಿದ್ಯಾಲಯದ ಅಭಿಪ್ರಾಯಗಳ ದಪ್ಪ ವರದಿಯ ನಟ್ಟನಡುವೆ ಇಟ್ಟ. ಉಳಿದವರೂ ತಂತಮ್ಮ ಬಟ್ಟಲನ್ನು ಮುಂದಿಟ್ಟುಕೊಂಡರು. ಸೂಜಿ ಬಿದ್ದರೂ ಕೇಳುವ ಮೌನ. ನಿಶ್ಶಬ್ದವನ ಎಂದರೆ ಹೇಗಿರುತ್ತದೆಂದು ಆಗ ಎಲ್ಲರಿಗೂ ಅರ್ಥವಾಯಿತು.

ಹಾಜಿ ಎದ್ದ.

"ಡಾಕ್ಟರ್ ನವ್ವಾಫ್! ನಿಮ್ಮ ಅಜ್ಜ ಬಡಿಸಿದ ಮನ್ಸಫ್ ಬಾಡೂಟದ ತಟ್ಟೆಯ ಆವಿ ಇವತ್ತಿಗೂ ನಮ್ಮ ಗುಡ್ಡಗಳ ಮೇಲಿದೆ. ಗೊತ್ತಿಲ್ಲದವರು ಅದನ್ನ ಮಂಜು ಅಂತಾರೆ. ಅಂಥಾ ಮನೆಯವರ ಮುಂದೆ ಕೈ ಚಾಚೋಕೆ ನಮಗೆ ನಾಚಿಕೆ ಇಲ್ಲ. ಈ ದೈಫಲ್ಲಾನ ತಿತ್ತಿಗೆ ಊದೋ ಜಾಗ ಕೊಡಿ ಅಂತ ಕೇಳೋಕೆ ಬಂದಿದೀವಿ. ಇದು ವಾದ್ಯ ಅಲ್ಲ, ನಮ್ಮ ಕೇರಿಯ ಉಸಿರು! ಇದರ ನಾದ ಕಿವಿಗೆ ಬೀಳದೆ ನಮ್ಮ ಮಕ್ಕಳು ನಿದ್ದೆ ಮಾಡಲ್ಲ. ನಮ್ಮ ಕೋಳಿ ಮೊಟ್ಟೆ ಇಡಲ್ಲ. ಕಾಯಿಲೆ ಬಿದ್ದೋರು ಔಷಧಿ ಆಚೆ ಎಸೆದು, ದೈಫಲ್ಲಾನ್ನ ಕರೀರಿ ಅಂತಾರೆ. ನನಗೇ ಒಂದು ಹಲ್ಲುನೋವಿತ್ತು..."

ಫಂದಿಗೆ ಕೆಮ್ಮು ಬಂತು. ಅವನ ಬೆನ್ನಿಗೆ ಯಾರೋ ಜೋರಾಗಿ ಗುದ್ದಿದರು.

ದೈಫಲ್ಲಾ ತಿತ್ತಿಯನ್ನು ಅಪ್ಪಿಕೊಂಡು ಕೂತಿದ್ದ. ಪ್ರತಿಯೊಂದು ಮಾತೂ ಸುಳ್ಳೆಂದು ಅವನಿಗೆ ಗೊತ್ತಿತ್ತು. ಆದರೂ ತನ್ನನ್ನು ಕುರಿತು ಇಷ್ಟು ಉದ್ದದ ಮಾತು ಯಾರೂ ಆಡಿರಲಿಲ್ಲವಾಗಿ ಗಲ್ಲದ ಮೇಲೆ ನೀರಿಳಿಯಿತು. ತಿತ್ತಿಯ ಮೇಲೆ ಕೈ ಒತ್ತಿ ಹೋಗಿ ಅದೂ ಕುಂಯ್ ಎಂದಿತು.

ಡಾಕ್ಟರ್ ಕೊನೆಯ ಕೋಟೆಗೆ ಸರಿದು ನಿಂತ. "ಹಾಜಿಯವರೇ, ಆ ಕಣ ನನ್ನದಲ್ಲ, ಪುರಸಭೇದು. ಯೂನಿವರ್ಸಿಟಿ ಹತ್ರ ಇರೋದು ಅಭಿಪ್ರಾಯ ಮಾತ್ರ. ನನ್ನ ಮನೇಲಿ ಹುಟ್ಟದ ಹೆಣ್ಣನ್ನ ನಾನು ಹೇಗೆ ಕೊಡ್ಲಿ?"

"ಅಭಿಪ್ರಾಯ ನಿಮ್ಮನೆ ಹೆಣ್ಣು ತಾನೇ?" ಎಂದ ಹಾಜಿ. "ಅದನ್ನೇ ಕೊಡಿ. ಮಿಕ್ಕಿದ್ದನ್ನ ಪುರಸಭೆ ನೋಡ್ಕೊಳ್ಳುತ್ತೆ."

ಕೋಣೆಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಡಾಕ್ಟರ್ ಬಟ್ಟಲನ್ನೇ ನೋಡಿದ. ಆವಿ ಸಣ್ಣಗಾಗುತ್ತಿತ್ತು. ಅವನ ಅಜ್ಜ ಎಲ್ಲಿಂದಲೋ ಹುಬ್ಬು ಗಂಟಿಕ್ಕಿರಬೇಕು. ಉಸಿರು ಬಿಟ್ಟು ಹೇಳಿದ. "ಕುಡೀರಿ. ಬಂದ ಕೆಲಸ ಆಯ್ತು. ದೈಫಲ್ಲಾನಿಗೆ ಊದೋ ಜಾಗ ಕೊಟ್ಟೆ."

ಕೊಟ್ಟ ಜಾಗ ಯಾವುದೆಂದು ಯಾರೂ ಕೇಳಲಿಲ್ಲ. ಬಟ್ಟಲುಗಳೆಲ್ಲ ಒಂದೇ ಗುಟುಕಿಗೆ ಖಾಲಿಯಾದವು. ಬೆನ್ನು ತಟ್ಟಿಕೊಂಡರು. ದೈಫಲ್ಲಾನೊಬ್ಬ ಮಾತ್ರ ಕುಡಿದಿರಲಿಲ್ಲ. ಅವನ ಎರಡೂ ಕೈ ತಿತ್ತಿಯನ್ನು ಅಪ್ಪಿಕೊಂಡಿದ್ದವು.

ಡಾಕ್ಟರ್ ಮುಂದುವರಿಸಿದ. ಅವನ ಮೀಸೆಯ ತುದಿ ಅಲುಗಿತೆಂದು ಫಂದಿ ಇಂದಿಗೂ ಆಣೆಯಿಟ್ಟು ಹೇಳುತ್ತಾನೆ. "ಹಾಜಿಯವರ ಮಾತು ಕೇಳಿ ನನಗೆ ನಮ್ಮ ತಪ್ಪು ಗೊತ್ತಾಯ್ತು. ಜನಕ್ಕೆ ಯಾವುದು ಇಲ್ದಿದ್ರೆ ಆಗಲ್ವೋ, ಅದು ಅವರ ಮನೆಗೆ ನಡೆದು ಹೋಗುವಷ್ಟು ಹತ್ರ ಇರಬೇಕು. ನಮ್ಮ ನೀತಿಯ ಮೊದಲನೇ ಸೂತ್ರವೇ ಅದು. ಅಳತೆಗೆ ಹೋದ ನಮ್ಮ ಹುಡುಗರು ಹೇಳಿದ್ರು, ಕೇರಿಯ ಉಸಿರನ್ನ ಊರಾಚೆ ಗುಡ್ಡದ ಮೇಲೆ ಕತ್ತೆ ಜೊತೆ ಬಿಟ್ಟಿದ್ದೀರಲ್ಲಾ, ಇದೆಂಥಾ ಅನ್ಯಾಯ! ನಿದ್ದೆ ಬಾರದ ಮಕ್ಕಳು, ಹಾಸಿಗೆ ಹಿಡಿದೋರು ಅಲ್ಲೀವರೆಗೆ ಹೇಗೆ ಹತ್ತಬೇಕು? ನಿಮ್ಮ ಕೇರಿಯ ನಡುವೆ, ರೊಟ್ಟಿಭಟ್ಟಿ ಮುಂದೆ ಒಂದು ಚೌಕ ಇದೆಯಲ್ಲ, ಅಲ್ಲಿ ಕಲ್ಲಿನ ಜಗಲಿ ಕಟ್ಟಿಸಬೇಕು ಅಂತ ಇವತ್ತೇ ಬರೀತೀನಿ. ದಿನಾ ಸಂಜೆ ದೈಫಲ್ಲಾ ಅಲ್ಲೇ ಊದಲಿ. ಕಣ ಹಕ್ಕಿಗಳಿಗಿರಲಿ."

ಹಾಜಿಯ ಮಲಗುವ ಕೋಣೆಯ ಕಿಟಕಿ ತೆರೆಯುವುದು ಆ ಚೌಕಕ್ಕೆ. ಫಂದಿಯ ಅಂಗಡಿಯ ಬಾಗಿಲೂ ಅಲ್ಲಿಗೇ.

ಇಡೀ ದಂಡು ತನ್ನ ಖಾಲಿ ಬಟ್ಟಲುಗಳನ್ನು ನೋಡಿತು. ಕುಡಿದ ಕಾಫಿಯನ್ನು ಉಗುಳುವ ಪದ್ಧತಿ ಯಾವ ಪೂರ್ವಜರೂ ಬಿಟ್ಟುಹೋಗಿರಲಿಲ್ಲ. ಆಗ ಯಾರಿಗೋ ದೈಫಲ್ಲಾನ ಬಟ್ಟಲು ಕಂಡಿತು. ತುಂಬಿತ್ತು! ಮದುಮಗನೇ ಕುಡಿಯದಿದ್ದರೆ ಸಂಬಂಧ ಇನ್ನೂ ಗಟ್ಟಿಯಾಗಿಲ್ಲ. ಎಲ್ಲರ ಕಣ್ಣೂ ಅತ್ತ ತಿರುಗಿತು.

"ಕಣವೇ ಸಾಕು ಅನ್ನು, ಮಾರಾಯಾ," ಎಂದು ಫಂದಿ ಅವನ ಕಿವಿಯಲ್ಲಿ ಬೇಡಿದ. "ಸಾಯೋ ತನಕ ನಿಂಗೆ ಕಟಿಂಗ್ ಫ್ರೀ."

"ನನ್ನ ತಲೇಲಿ ಕೂದಲೆಲ್ಲಿದೆ?"

"ಬೆಳೆಸಿಕೊಡ್ತೀನಿ!"

"ದೈಫಲ್ಲಾ, ಮಗನೇ," ಎಂದ ಹಾಜಿ. ಸಿಂಹದ ದನಿ ಬೆಕ್ಕಿನದಾಗಿತ್ತು. "ನೀನು ಏಕಾಂತ ಇಷ್ಟಪಡೋನಲ್ವಾ? ಹೇಳಪ್ಪಾ."

ದೈಫಲ್ಲಾ ಯೋಚಿಸಿದ. ಕಣ ಬೇಕೆಂದರೆ ಈಗಲೂ ಸಿಗುತ್ತಿತ್ತು. ಗುಡ್ಡದ ಗಾಳಿ, ಓಕ್ ಮರಗಳಿಂದ ಮರಳುವ ನಾದ, ಕಟ್ಟಿಹಾಕಿದ ಕತ್ತೆ. ಅದು ಚೆನ್ನಾಗಿಯೇ ಇತ್ತು. ಆದರೆ ಒಬ್ಬ ಮನುಷ್ಯ ತನ್ನ ನಾದವನ್ನು ತಾನೇ ಕೇಳಿ, ತಾನೇ ತಲೆದೂಗಿ, ತಾನೇ ಗುಡ್ಡ ಇಳಿದು ಬರುವುದು ಎಷ್ಟು ದಿನ? ಕೊನೆಯ ಸಾಲಿನ ಎಡತುದಿಯವನಿಗೆ ಯಾರೂ ಇದುವರೆಗೆ ಜಗಲಿ ಕಟ್ಟಿಸುತ್ತೇವೆ ಎಂದಿರಲಿಲ್ಲ.

"ಹಾಜಿಯವರು ಇಷ್ಟು ಜನದ ಮುಂದೆ ಆಡಿದ ಮಾತನ್ನ ನಾನು ಸುಳ್ಳು ಮಾಡ್ಲಾ?" ಎಂದ, ಅತ್ಯಂತ ವಿನಯದಿಂದ. "ಅಷ್ಟು ದೊಡ್ಡೋನಲ್ಲ ನಾನು."

ಕುಡಿದ. ಸಾಕು ಎಂಬ ಸಂಜ್ಞೆಗೆ ಬಟ್ಟಲನ್ನು ಆಚೀಚೆ ಅಲ್ಲಾಡಿಸಿ ಅಬು ಜರೀಸನ ಕೈಗೆ ಕೊಟ್ಟ.

ಹಿಂದಿರುಗುವ ಬಸ್ಸು ಸಾವಿನ ಮನೆಯಿಂದ ಬಂದಂತಿತ್ತು. ವಿಷಯ ಕೇಳಿ ವಸ್ಫಿಯಾ ಬಾಗಿಲಲ್ಲೇ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸದ್ಯ, ನನ್ನ ತಲೆ ಮೇಲಿಲ್ಲ. ಹಾಜಿಯ ಹೆಂಡತಿಗೆ ಒಂದು ತಟ್ಟೆ ಬಸ್ಬೂಸಾ ಸಿಹಿ ಕಳಿಸಬೇಕು, ಪಾಪ."

ಪುರಸಭೆ ಎಂದಿನಂತೆ ವಿಶ್ವವಿದ್ಯಾಲಯದ ಅಭಿಪ್ರಾಯವನ್ನೇ ತನ್ನದೆಂದುಕೊಂಡಿತು. ಜಗಲಿ ಎದ್ದಿತು. ಮೊದಲ ಗುರುವಾರ ಸಂಜೆ ಕೇರಿಯವರು ಬರದೆ ವಿಧಿಯಿರಲಿಲ್ಲ. ಉಸಿರೆಂದು ಹೇಳಿ ಬಂದವರು ಮನೆಯೊಳಗೆ ಕೂರುವುದು ಹೇಗೆ? ಡಾಕ್ಟರ್ ನವ್ವಾಫ್ ಬೇರೆ ಬಂದು ಮುಂದಿನ ಸಾಲಿನಲ್ಲಿ ಹಾಜಿಯ ಪಕ್ಕದಲ್ಲೇ ಕೂತ.

ದೈಫಲ್ಲಾ ಜಗಲಿ ಹತ್ತಿದ. ಎದೆಯುಬ್ಬಿಸಿದ. ತಿತ್ತಿಗೆ ಉಸಿರು ತುಂಬಿದ. ಮೊದಲ ನಾದಕ್ಕೇ ಭಟ್ಟಿಯ ಮಾಡಿನ ಪಾರಿವಾಳಗಳೆಲ್ಲ ಕಣದ ಕಡೆಗೆ ಹಾರಿಹೋದವು. ಅಲ್ಲಿ ಅವುಗಳಿಗೆ ಈಗಾಗಲೇ ಬೆಂಚು ಹಾಕಿಸಿದ್ದರು. ರಾಗ ಚೌಕದ ನಾಲ್ಕು ಗೋಡೆಗಳ ನಡುವೆ ಸಿಕ್ಕಿಬಿದ್ದು, ದಾರಿ ಕಾಣದೆ ಗಿರಗಿರ ತಿರುಗಿ, ಎಲ್ಲರ ಕಿವಿಯೊಳಗೆ ಆಶ್ರಯ ಪಡೆಯಿತು. ಮುಗಿದಾಗ ಡಾಕ್ಟರ್ ಚಪ್ಪಾಳೆ ತಟ್ಟಿದ. ಹಾಜಿಯೂ ತಟ್ಟಿದ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು.

"ಅಯ್ಯೋ ನಿಲ್ಸು, ನಿಲ್ಸು!" ಎಂದು ಅಂಗಡಿಯ ಬಾಗಿಲಿಂದ ಫಂದಿ ಕೂಗಿದ. "ಎರಡನೇ ಸಲ ಮೇಲಕ್ಕೆ ಏರ್ತೀಯಲ್ಲ, ಅಲ್ಲಿ ಸ್ವರ ಜಾರಿತು. ಮೊದಲನೇ ಸಲ ಸರಿ ಇತ್ತು."

ದೈಫಲ್ಲಾ ಕೊಳವೆಯಿಂದ ಬಾಯಿ ತೆಗೆದ. ಅವನ ಮುಖದಲ್ಲಿ ಪದಕ ತೊಡಿಸಿಕೊಂಡವನ ಕಳೆಯಿತ್ತು. "ನಿಜವಾಗ್ಲೂ? ಜಾರಿತಾ? ನೀನು ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಳ್ದೆ ಎಲ್ಲಿಗೆ ಹೋಗ್ಲಿ? ಅಂಗಡಿ ಇಲ್ಲೇ ಇದೆ!"

"ಎಲ್ಲಿ, ಸರಿಯಾಗಿ ಹೇಳು. ಇಲ್ಲೇನಾ?" ಎಂದು ದೈಫಲ್ಲಾ ಆ ತುಣುಕನ್ನು ಊದಿದ.

"ಅದಲ್ಲ, ಅದರ ಮುಂದಿಂದು."

ಊದಿದ.

"ಇನ್ನೂ ಸ್ವಲ್ಪ ಮುಂದೆ," ಎಂದ ಡಾಕ್ಟರ್.

"ಅಲ್ಲ ಅಲ್ಲ, ಹಿಂದೆ!" ಎಂದು ಹಾಜಿ ಮುಫ್ಲಿಹ್ ಕಣ್ಣು ಬಿಟ್ಟು ಗದರಿದ. "ನಿಮಗೆಲ್ಲಾ ಕಿವಿ ಇಲ್ವಾ? ದೈಫಲ್ಲಾ, ಮೊದಲಿಂದ ಊದು."